ಬಳ್ಳಾರಿಯ ಚೆಕ್ಕುಬಂದಿ ಬರೆದ ಕಾಗದ ಎಲ್ಲಿದೆ, ಸಾಹೇಬರೇ?

ಬಳ್ಳಾರಿ ಜಿಲ್ಲಾಧಿಕಾರಿಗಳಿಗೆ, ಮಹಾನಗರ ಪಾಲಿಕೆಯ ಮೇಯರ್ ಅವರಿಗೆ, ಮತ್ತು ಓದುವ ಪುರುಸೊತ್ತು ಇರುವ ಊರಿನವರಿಗೆ,

ನಮಸ್ಕಾರ.

ನಾನು ಬ್ರೂಸ್‌ಪೇಟೆಯವನು. ಮೂವತ್ತೆಂಟು ವರ್ಷ ವಕೀಲರ ಹತ್ತಿರ ಗುಮಾಸ್ತನಾಗಿದ್ದೆ. ವಕಾಲತ್ತಿಗೆ ಸ್ಟ್ಯಾಂಪು ಹಚ್ಚುವುದು, ಮುದ್ದತು ಬರೆದುಕೊಳ್ಳುವುದು, ನಕಲಿಗೆ ಅರ್ಜಿ ಹಾಕಿ ಕಾಯುವುದು. ಇಷ್ಟರಲ್ಲೇ ಕೂದಲು ಬೆಳ್ಳಗಾಯಿತು. ಹಾಗಾಗಿ ಈ ಪತ್ರದಲ್ಲಿ ಕೋರ್ಟಿನ ವಾಸನೆ ಸ್ವಲ್ಪ ಜಾಸ್ತಿ ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಪೇಟೆಯ ಹೆಸರಿನಲ್ಲೇ ಒಬ್ಬ ಜಡ್ಜ್ ಕೂತಿದ್ದಾನೆ. ಕಂಪನಿ ಕಾಲದಲ್ಲಿ ಇಲ್ಲಿ ನ್ಯಾಯಾಧೀಶನಾಗಿದ್ದ ಪೀಟರ್ ಬ್ರೂಸ್. ಪಕ್ಕದ ಕೌಲ್ ಬಜಾರಿನ ಹೆಸರಿನಲ್ಲಿ 'ಕೌಲು' ಇದೆ, ಅಂದರೆ ಕರಾರು. ಹೆಸರಿನಲ್ಲೇ ಕಾಗದಪತ್ರ ಹೊತ್ತುಕೊಂಡ ಊರು ನಮ್ಮದು.

ಜಮೀನಿನ ವ್ಯಾಜ್ಯ ಹಿಡಿದುಕೊಂಡು ಕಕ್ಷಿದಾರ ಬಂದರೆ ನಮ್ಮ ವಕೀಲರು ಮೊದಲು ಎರಡೇ ಕೇಳುತ್ತಿದ್ದರು. ಚೆಕ್ಕುಬಂದಿ, ಅಂದರೆ ಜಾಗದ ನಾಲ್ಕೂ ದಿಕ್ಕಿನ ಎಲ್ಲೆ, ಏನು? ಹಿಂದೆ ತೀರ್ಪು ಆಗಿದ್ದರೆ ಅದರ ನಕಲು ಎಲ್ಲಿ? ಕೆಲವರು ಬರಿಗೈಯಲ್ಲಿ ಬರುತ್ತಿದ್ದರು. "ನಮ್ಮಪ್ಪ ಗೆದ್ದಾನ್ರೀ, ಇಡೀ ಊರಿಗೇ ಗೊತ್ತು" ಅನ್ನುತ್ತಿದ್ದರು. ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನ ಕಡೆ ನೋಡುತ್ತಿದ್ದರು. ನಾನು ಎದ್ದು ನಕಲಿನ ಅರ್ಜಿ ಬರೆಯೋಕೆ ಶುರು ಮಾಡುತ್ತಿದ್ದೆ.

ಬಳ್ಳಾರಿಯೂ ಅಂಥ ಕಕ್ಷಿದಾರನೇ. ಬಳ್ಳಾರಿ ಆಂಧ್ರಕ್ಕೋ ಮೈಸೂರಿಗೋ (ಅಂದರೆ ಇವತ್ತಿನ ಕರ್ನಾಟಕಕ್ಕೋ) ಅನ್ನುವ 1953ರ ವ್ಯಾಜ್ಯದಲ್ಲಿ ಗೆದ್ದು ಮೈಸೂರು ಸೇರಿದ್ದು ಎಲ್ಲರಿಗೂ ಗೊತ್ತು. ಯಾಕೆ ಗೆದ್ದಿದ್ದು ಅಂತ ಕೇಳಿದರೆ ಕೈಯಲ್ಲಿ ಕಾಗದ ಇಲ್ಲ.

ಇದು ನನ್ನ ತಲೆಗೆ ಹೊಕ್ಕಿದ್ದು ಮೊಮ್ಮಗನಿಂದ. ಅವನು ಒಂಬತ್ತನೇ ಕ್ಲಾಸು. ಬಳ್ಳಾರಿ ವಿಲೀನದ ಬಗ್ಗೆ ಪ್ರಬಂಧ ಬರೆಯಬೇಕಿತ್ತಂತೆ. ಫೋನಿನಲ್ಲಿ ಏನೋ ನೋಡಿಕೊಂಡು ಬರೆದಿದ್ದ. "ನಾವು ತೆಲುಗರನ್ನು ಸೋಲಿಸಿ ಬಳ್ಳಾರಿಯನ್ನು ಉಳಿಸಿಕೊಂಡೆವು" ಅಂತ ಮೊದಲ ಸಾಲು. ಅಡುಗೆಮನೆಯಲ್ಲಿ ಅವನ ಅಜ್ಜಿ, ಅಂದರೆ ನನ್ನ ಹೆಂಡತಿ, ಅವಳ ತಂಗಿಯ ಜೊತೆ ಫೋನಿನಲ್ಲಿ ತೆಲುಗಿನಲ್ಲಿ ಮಾತಾಡುತ್ತಿದ್ದಳು. ಅವಳ ತವರು ಆಂಧ್ರದ ರಾಯದುರ್ಗ. ನಾನು ಹುಡುಗನಿಗೆ, "ಯಾರನ್ನ ಸೋಲಿಸಿದ್ವಪ್ಪಾ, ನಿಮ್ಮಜ್ಜೀನಾ?" ಅಂದೆ. ಅವನು ನಕ್ಕ. ಆಮೇಲೆ, "ಮತ್ತೆ ಹೆಂಗೆ ಗೆದ್ವಿ ತಾತ?" ಅಂದ. ಒಬ್ಬ ಜಡ್ಜ್ ಎರಡೂ ಕಡೆ ವಾದ ಕೇಳಿ ವರದಿ ಕೊಟ್ಟರು ಅಂದೆ. "ಎಲ್ಲಿದೆ ತೋರ್ಸು" ಅಂದ.

ಅಲ್ಲಿಗೆ ನನ್ನ ಬಾಯಿ ಕಟ್ಟಿತು.

ಹುಡುಗನಿಗೆ ಹೇಳಿದ್ದನ್ನೇ ಇಲ್ಲೂ ಹೇಳಿಬಿಡುತ್ತೇನೆ. ತಿಳಿದವರು ತಾಳ್ಮೆಯಿಂದ ಓದಿ.

1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ. ಆಮೇಲೆ ನೂರೈವತ್ತು ವರ್ಷ ನಾವು ಮದ್ರಾಸಿನವರು. ಒಂದೇ ಜಿಲ್ಲೆಯೊಳಗೆ ಕನ್ನಡದ ಹಡಗಲಿಯೂ ಇತ್ತು, ತೆಲುಗಿನ ಆದೋನಿಯೂ ಇತ್ತು. ಭಾಷೆ ಬೇರೆ ಆದರೂ ತಹಸೀಲ್ದಾರನ ಮುದ್ರೆ ಒಂದೇ.

ತಕರಾರು ಶುರುವಾಗಿದ್ದು 1953ರಲ್ಲಿ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಕಾಂಗ್ರೆಸ್ಸು ತನ್ನ ಪ್ರಾಂತ ಸಮಿತಿಗಳನ್ನು ಭಾಷೆ ಪ್ರಕಾರ ಮಾಡಿದಾಗಲೇ ಬಳ್ಳಾರಿ ಯಾರಿಗೆ ಅಂತ ಜಗಳ ಬಂದಿತ್ತು. 1921ರಲ್ಲಿ ಎನ್.ಸಿ. ಕೇಳ್ಕರ್ ಅವರು ಪಂಚರಾಗಿ ಕೂತು ತೀರ್ಮಾನ ಕೊಟ್ಟರು. ಆದೋನಿ, ಆಲೂರು, ರಾಯದುರ್ಗ ಆಂಧ್ರ ಸಮಿತಿಗೆ, ಉಳಿದಿದ್ದು ಕರ್ನಾಟಕ ಸಮಿತಿಗೆ. ಅದು ಒಂದು ಪಕ್ಷದ ಒಳಗಿನ ಪಂಚಾಯ್ತಿ, ನಿಜ. ಆದರೆ ಮೂವತ್ತೆರಡು ವರ್ಷ ಆದ ಮೇಲೆ ಸರ್ಕಾರ ಗೆರೆ ಎಳೆದಾಗ ಅದೂ ಹತ್ತಿರ ಹತ್ತಿರ ಅಲ್ಲೇ ಬಿತ್ತು.

ತೆಲುಗರಿಗೆ ಬೇರೆ ರಾಜ್ಯ ಬೇಕು ಅಂತ ಪೊಟ್ಟಿ ಶ್ರೀರಾಮುಲು ಉಪವಾಸ ಕೂತು 1952ರ ಡಿಸೆಂಬರ್ 15ರಂದು ತೀರಿಕೊಂಡರು. ನಾಲ್ಕೇ ದಿನಕ್ಕೆ ನೆಹರೂ ಆಂಧ್ರ ರಾಜ್ಯ ಮಾಡುತ್ತೇವೆ ಅಂತ ಘೋಷಿಸಿದರು. ಮದ್ರಾಸ್ ರಾಜ್ಯದ 'ತಕರಾರಿಲ್ಲದ' ತೆಲುಗು ಪ್ರದೇಶ ಅನ್ನೋದು ಅದರಲ್ಲಿದ್ದ ಮಾತು. ಗುಮಾಸ್ತನ ಕಣ್ಣು ಸೀದಾ ಆ ಪದದ ಮೇಲೇ ಹೋಗುತ್ತದೆ. ತಕರಾರಿಲ್ಲದ್ದು ಅಂದ ಮೇಲೆ ತಕರಾರಿರೋದು ಒಂದು ಇದೆ ಅಂತಲೇ ಅಲ್ವಾ? ಅದೇ ನಾವು.

ಗೆರೆ ಎಲ್ಲಿ, ಆಸ್ತಿ ಹೇಗೆ ಹಂಚೋದು ಅಂತ ನೋಡಲು ರಾಜಸ್ಥಾನದ ಮುಖ್ಯ ನ್ಯಾಯಮೂರ್ತಿ ವಾಂಛೂ ಅವರನ್ನು ನೇಮಿಸಿದರು. 1953ರ ಫೆಬ್ರವರಿಯಲ್ಲಿ ಅವರ ವರದಿ ಬಂತು. ಮಾರ್ಚ್ 25ರಂದು ನೆಹರೂ ಲೋಕಸಭೆಯಲ್ಲಿ ಹೇಳಿದ್ದು ಹೀಗೆ: ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಕನ್ನಡದ ತಾಲೂಕುಗಳು ಮೈಸೂರಿಗೆ. ಬಳ್ಳಾರಿ ತಾಲೂಕು ಮಾತ್ರ ಆಮೇಲೆ ನೋಡೋಣ.

ಇಡೀ ಆಸ್ತಿ ಭಾಗವಾಗಿ, ನಡುಮನೆ ಒಂದೇ ವಾಯಿದೆ ಬಿದ್ದ ಹಾಗೆ.

ಆ ನಡುಮನೆಗಾಗಿ ಕೂತವರು ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ. ಬೇಸಿಗೆಯ ಕೆಲಸ. ಬಳ್ಳಾರಿಯ ಬೇಸಿಗೆ ಗೊತ್ತಲ್ಲ, ಗುಡ್ಡದ ಬಂಡೆ ರಾತ್ರಿ ಹತ್ತಕ್ಕೂ ಬಿಸಿ ಉಗುಳುತ್ತಿರುತ್ತದೆ. ಮಿಶ್ರಾ ಅವರು ಲೆಕ್ಕ ಹಾಕಿದ ರೀತಿ ನನಗೆ ಇವತ್ತಿಗೂ ಹಿಡಿಸುತ್ತದೆ. ಭಾಷೆವಾರು ಜನ ಎಷ್ಟು ಅಂತ ನೋಡಿದರು, ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಜನರ ನಡೆನುಡಿ ಯಾವ ಕಡೆಗೆ ಹೊಂದುತ್ತದೆ, ಆಡಳಿತಕ್ಕೆ ಯಾವ ಕಡೆ ಅನುಕೂಲ, ದುಡಿಮೆ-ವ್ಯಾಪಾರಕ್ಕೆ ಯಾವ ಕಡೆ ಒಳ್ಳೆಯದು, ಇದನ್ನೆಲ್ಲ ತೂಗಿದರು. ಬಳ್ಳಾರಿ ಪಟ್ಟಣ ಸೇರಿ ಇಡೀ ತಾಲೂಕು ಮೈಸೂರಿಗೆ ಹೋಗಬೇಕು ಅಂದರು. ಕೇಂದ್ರ ಸರ್ಕಾರ ಒಪ್ಪಿತು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿತು, ನಾವು ಮೈಸೂರು ಸೇರಿದೆವು. ಉಳಿದ ಕರ್ನಾಟಕ ಒಂದಾಗೋಕೆ ಇನ್ನೂ ಮೂರು ವರ್ಷ ಇತ್ತು.

ಈ ತೂಕ ಯಾಕೆ ಬೇಕಾಯಿತು ಅಂತ ತೋರಿಸೋಕೆ ನನ್ನ ಹತ್ತಿರ ಒಂದು ದಾಖಲೆ ಇದೆ. ನಮ್ಮಜ್ಜ ಮನೆ ಕೊಂಡ ಕ್ರಯಪತ್ರ. 1938ರದ್ದು. ಸ್ಟ್ಯಾಂಪು ಕಾಗದದ ಮೇಲೆ ದೊರೆಯ ತಲೆ. ಮಡಿಕೆ ಬಿದ್ದ ಕಡೆ ನಾಲ್ಕು ತುಂಡಾಗಿದೆ, ನಮ್ಮಪ್ಪ ಹಿಂದೆ ಬಟ್ಟೆ ಹಚ್ಚಿ ಅಂಟಿಸಿದ್ದರು. ಪತ್ರ ಪೂರ್ತಿ ತೆಲುಗಿನಲ್ಲಿದೆ. ಬರೆದ ಕೈ ಚಂದ, ಗುಂಡಗೆ, ಎಲ್ಲೂ ತಿದ್ದಿಲ್ಲ. ಕೆಳಗೆ ನಮ್ಮಜ್ಜನ ರುಜು ಕನ್ನಡದಲ್ಲಿದೆ. ಮೊದಲ ಸಾಕ್ಷಿಯ ರುಜು ಉರ್ದುವಿನಲ್ಲಿ. ಎರಡನೇ ಸಾಕ್ಷಿ ಹೆಬ್ಬೆಟ್ಟು. ಚೆಕ್ಕುಬಂದಿ ಹೀಗಿದೆ: ಪೂರ್ವಕ್ಕೆ ನೇಕಾರರ ಮನೆ, ಪಶ್ಚಿಮಕ್ಕೆ ಬೀದಿ, ಉತ್ತರಕ್ಕೆ ಸೇದುವ ಬಾವಿ, ದಕ್ಷಿಣಕ್ಕೆ ಮಸೀದಿಯ ಹಿತ್ತಲ ಗೋಡೆ. ಬಾವಿ ಮುಚ್ಚಿದ್ದಾರೆ. ಗೋಡೆ ಹಾಗೇ ಇದೆ.

ಈಗ ಹೇಳಿ, ಈ ಮನೆ ಯಾವ ಭಾಷೆಯದು? ಮಾರಿದವನ ಲೆಕ್ಕವಾ, ಕೊಂಡವನದಾ, ಸಾಕ್ಷಿಯದಾ? ಆ ಕಾಲದ ಬಳ್ಳಾರಿಯಲ್ಲಿ ಇಂಥ ಪತ್ರ ಮನೆಗೊಂದು ಸಿಗುತ್ತಿತ್ತು. ಬರೀ ತಲೆ ಎಣಿಸಿ ಹೇಳುವ ಕೆಲಸ ಆಗಿದ್ದರೆ ಜಡ್ಜ್ ಬೇಕಿರಲಿಲ್ಲ, ಜನಗಣತಿ ಗುಮಾಸ್ತನೇ ಸಾಕಿತ್ತು.

ಆಚೆಯವರ ವಾದ ಪೊಳ್ಳಾಗಿತ್ತು ಅಂತ ನಾನು ಹೇಳಲ್ಲ. ತೆಲುಗು ನಾಟಕ ಬೆಳೆದಿದ್ದೇ ಈ ಊರಿನಲ್ಲಿ. ಧರ್ಮವರಂ ರಾಮಕೃಷ್ಣಮಾಚಾರ್ಯರು ಇಲ್ಲಿಯ ವಕೀಲರು, ಇಲ್ಲೇ ಸರಸ ವಿನೋದಿನಿ ಸಭೆ ಕಟ್ಟಿ ನಾಟಕ ಬರೆದು ಆಡಿಸಿದವರು. ನಟ ಬಳ್ಳಾರಿ ರಾಘವರು ಊರಿನ ಹೆಸರನ್ನೇ ತಮ್ಮ ಹೆಸರಿಗೆ ಕಟ್ಟಿಕೊಂಡರು. ಅವರೂ ವಕೀಲರೇ. ಅವರ ಹೆಸರಿನ ಕಲಾಮಂದಿರದಲ್ಲಿ ಇವತ್ತು ಕನ್ನಡ ನಾಟಕವೂ ಆಗುತ್ತದೆ, ತೆಲುಗು ನಾಟಕವೂ ಆಗುತ್ತದೆ. ಇಂಥ ಸಾಕ್ಷ್ಯ ಎದುರಿಗಿದ್ದೂ ಮಿಶ್ರಾ ಅವರ ತಕ್ಕಡಿ ಈ ಕಡೆ ವಾಲಿತು. ಎದುರು ಪಕ್ಷ ಗಟ್ಟಿಯಾಗಿದ್ದಾಗ ಬಂದ ತೀರ್ಪಿಗೇ ಬೆಲೆ ಜಾಸ್ತಿ. ಏಕಪಕ್ಷೀಯ ಡಿಕ್ರಿಗೆ ಏನು ಬೆಲೆ ಅಂತ ಯಾವ ಗುಮಾಸ್ತನನ್ನು ಕೇಳಿದರೂ ಹೇಳುತ್ತಾನೆ.

ಎಲ್ಲ ಸುಖವಾಗಿ ಮುಗಿಯಿತು ಅಂತಲೂ ಅಲ್ಲ. ವಿಲೀನದ ಸಂಭ್ರಮದ ಹೊತ್ತಿನಲ್ಲೇ ಆ್ಯಸಿಡ್ ಬಲ್ಬ್ ಎಸೆದರು, ಕನ್ನಡದ ಹೋರಾಟಗಾರ ರಂಜಾನ್ ಸಾಬ್ ಪ್ರಾಣ ಕಳೆದುಕೊಂಡರು. ಕನ್ನಡಕ್ಕಾಗಿ ಬಳ್ಳಾರಿಯಲ್ಲಿ ಸತ್ತವರ ಮನೆಮಾತು ಯಾವುದು, ಧರ್ಮ ಯಾವುದು ಅಂತ ನಮ್ಮ ಹುಡುಗರಿಗೆ ಯಾರೂ ಕೂತು ಹೇಳಲ್ಲ. ನವೆಂಬರಿನಲ್ಲಿ ಫ್ಲೆಕ್ಸು ಕಟ್ಟುತ್ತಾರೆ. ಅದರಲ್ಲಿ ಕಟ್ಟಿಸಿದವರ ಮುಖ ದೊಡ್ಡದು.

ತೀರ್ಪು ಬಂತು, ಮುಗಿಯಿತು ಅನ್ನೋಣ ಅಂದರೆ ಅಪೀಲು ಬಂತು. ಇದು ನನ್ನ ಮೊಮ್ಮಗನ ಫೋನಿನಲ್ಲಿ ಇರಲಿಲ್ಲ, ನಮ್ಮೂರಿನ ಅರ್ಧ ಜನಕ್ಕೂ ಗೊತ್ತಿಲ್ಲ. ಅದೇ 1953ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಾಜ್ಯ ಪುನರ್ವಿಂಗಡಣಾ ಆಯೋಗ ಮಾಡಿತು. ಫಜಲ್ ಅಲಿ, ಕುಂಜ್ರು, ಪಣಿಕ್ಕರ್, ಮೂರು ಜನ. 1955ರ ಸೆಪ್ಟೆಂಬರ್ 30ರಂದು ವರದಿ ಕೊಟ್ಟರು. ನಾವು ಮೈಸೂರು ಸೇರಿ ಎರಡು ವರ್ಷ ತುಂಬೋಕೆ ಒಂದು ದಿನ ಬಾಕಿ. ಆ ವರದಿಯಲ್ಲಿ ಏನಿತ್ತು ಗೊತ್ತಾ? ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲೂಕುಗಳನ್ನು, ಜೊತೆಗೆ ಅಣೆಕಟ್ಟೆ ಇರುವ ಮಲ್ಲಾಪುರಂ ಉಪತಾಲೂಕಿನ ಒಂದು ತುಂಡನ್ನು ಆಂಧ್ರಕ್ಕೆ ಕೊಡಿ ಅಂತಿತ್ತು. ಅವರ ದೊಡ್ಡ ವಾದ ನೀರಿನದು. ತುಂಗಭದ್ರೆಯ ಕಾಲುವೆ ಹರಿಯೋದು ರಾಯಲಸೀಮೆಗೆ. ಕಾಲುವೆಯ ತಲೆ ಒಂದು ರಾಜ್ಯದಲ್ಲಿ, ಬಾಲ ಇನ್ನೊಂದರಲ್ಲಿ ಆದರೆ ಬಾಲದವರ ಗತಿ ಏನು?

ಸುಮ್ನೆ ತಳ್ಳಿಹಾಕುವ ವಾದ ಅಲ್ಲ ಅದು. ನೀರಿಗಾಗಿ ಬಾಲದ ರೈತ ಪಡುವ ಪಾಡು ಏನು ಅಂತ ಸಿರುಗುಪ್ಪದ ಕೊನೆಯ ಹಳ್ಳಿಗಳಿಗೂ ಗೊತ್ತು, ಮಾನ್ವಿಯವರಿಗೂ ಗೊತ್ತು. ಆದರೆ ಅದಕ್ಕೆ ಊರನ್ನೇ ಎತ್ತಿ ಕೊಡುವ ಅಗತ್ಯ ಇರಲಿಲ್ಲ. 1953ರ ಆಂಧ್ರ ರಾಜ್ಯ ಕಾಯ್ದೆಯಲ್ಲೇ ದಾರಿ ಇತ್ತು, ಅದರ ಕೆಳಗೆ ತುಂಗಭದ್ರಾ ಮಂಡಳಿ ಆಗಿತ್ತು. ಇವತ್ತಿಗೂ ಡ್ಯಾಮ್ ನೋಡಿಕೊಳ್ಳೋದು ಆ ಮಂಡಳಿಯೇ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಹೊಸಪೇಟೆಯಲ್ಲೂ ನಿದ್ದೆ ಇರಲಿಲ್ಲ, ಆದೋನಿಯಲ್ಲೂ ಇರಲಿಲ್ಲ. ಕೊನೆಗೆ ದಿಲ್ಲಿಯವರು ಆಯೋಗದ ಆ ಶಿಫಾರಸು ಒಪ್ಪಲಿಲ್ಲ. 1956ರ ನವೆಂಬರ್ 1ರಂದು ಬಳ್ಳಾರಿ ಎಲ್ಲಿತ್ತೋ ಅಲ್ಲೇ ಉಳಿಯಿತು. ಮಿಶ್ರಾ ಅವರ ತೀರ್ಪು ಅಪೀಲಿನಲ್ಲೂ ನಿಂತಿತು.

ಇನ್ನೊಂದು ತಮಾಷೆ ನೋಡಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆ ಆಯಿತು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಹೊಸಪೇಟೆ ಎಲ್ಲ ಆ ಕಡೆ ಹೋದವು. 1953ರಲ್ಲಿ ತಕರಾರೇ ಇಲ್ಲದೆ ಮೈಸೂರಿಗೆ ಬಂದ ತಾಲೂಕುಗಳು ಬೇರೆ ಮನೆ ಮಾಡಿಕೊಂಡವು. ಆಯೋಗದವರು ಆಂಧ್ರಕ್ಕೆ ಕೊಡಿ ಅಂದಿದ್ದ ಮೂರರಲ್ಲಿ ಹೊಸಪೇಟೆ ಹೋಗಿ ಉಳಿದ ಬಳ್ಳಾರಿ, ಸಿರುಗುಪ್ಪಗಳೇ ಇವತ್ತಿನ ಬಳ್ಳಾರಿ ಜಿಲ್ಲೆಯ ಹೊಟ್ಟೆಭಾಗ. ಇದು ತಪ್ಪೋ ಸರಿಯೋ ಅನ್ನೋದು ಬೇರೆ ಮಾತು. ವ್ಯಾಜ್ಯದಲ್ಲಿ ಇದ್ದ ಭೂಮಿ ಇದೇ, ಅದರ ಕಾಗದ ಇಟ್ಟುಕೊಳ್ಳುವ ಜವಾಬ್ದಾರಿಯೂ ಈ ಜಿಲ್ಲೆಯದೇ ಅನ್ನೋದಷ್ಟೇ ನನ್ನ ಮಾತು.

ಕಾಗದ ಇಲ್ಲದಿದ್ದರೆ ಏನಾಗುತ್ತದೆ ಅಂತ ನಾವು ಕಣ್ಣಾರೆ ಕಂಡಿದ್ದೇವೆ. ಗಣಿ ಜೋರಾಗಿದ್ದ ದಿನಗಳಲ್ಲಿ ಕಾಡಿನೊಳಗೆ ಎರಡು ರಾಜ್ಯದ ಗಡಿ ಎಲ್ಲಿ ಅಂತಲೇ ಗೊತ್ತಾಗದ ಹಾಗಾಯಿತು. ಸುಪ್ರೀಂ ಕೋರ್ಟಿನ ತನಕ ಹೋಯಿತು. ಹಳೇ ನಕ್ಷೆ ಹುಡುಕಿ ಸರ್ವೆ ಆಫ್ ಇಂಡಿಯಾದವರೇ ಬಂದು ಅಳೆಯಬೇಕಾಯಿತು. ಜಡ್ಜ್‌ಗಳು ತೂಗಿ ಕೊಟ್ಟ ಗಡಿಗೇ ಹೀಗಾಯಿತು ಅಂದರೆ ಯಾರಿಗೆ ಹೇಳೋಣ.

ಈಗ ನನ್ನ ಓಡಾಟದ ಕಥೆ. ಮೊಮ್ಮಗನಿಗೆ ಮಾತು ಕೊಟ್ಟ ತಪ್ಪಿಗೆ ಮಿಶ್ರಾ ವರದಿ ಹುಡುಕಲು ಹೊರಟೆ. ಒಂದು ಕಚೇರಿಗೆ ಹೋದೆ. ಯಾವುದು ಅಂತ ಬರೆಯಲ್ಲ, ಅಲ್ಲಿರುವವರಿಗೂ ಮನೆಮಠ ಇದೆ. ಮೊದಲ ಮೇಜಿನವರು, "ಮಿಶ್ರಾ ಅಂದ್ರೆ ಯಾವ ಸೆಕ್ಷನ್ನಿನವರು?" ಅಂದರು. ವರ್ಗ ಆಗಿ ಹೋಗಿರಬೇಕು ಅಂತಲೂ ಸೇರಿಸಿದರು. ನಗಬಾರದು ಅಂತ ತುಟಿ ಕಚ್ಚಿಕೊಂಡೆ. ಎರಡನೇ ಮೇಜಿನವರು ಒಳ್ಳೆಯವರು. ಕುರ್ಚಿ ಕೊಟ್ಟರು, ಟೀ ತರಿಸಿದರು, ರೆಕಾರ್ಡ್ ರೂಮಿನ ಬೀಗದ ಕೈ ಇರುವವರು ರಜೆ ಅಂದರು. ಮೂರನೇ ಸಲ ಹೋದಾಗ ಬೀಗ ತೆಗೆದರು. ಕೆಂಪು ರುಮಾಲಿನಲ್ಲಿ ಕಟ್ಟಿದ ಗಂಟುಗಳು ಸೂರಿನ ತನಕ ಇದ್ದವು. ಕೆಳಗಿನ ಸಾಲಿಗೆ ಗೆದ್ದಲು ಹಿಡಿದಿತ್ತು. ಒಂದು ಗಂಟು ಮುಟ್ಟಿದೆ, ಮಣ್ಣು ಉದುರಿತು. ರುಮಾಲಿನ ಬಣ್ಣ ಮಾತ್ರ ನನ್ನ ಬೆರಳಿಗೆ ಹತ್ತಿಕೊಂಡಿತು. ಮಿಶ್ರಾ ವರದಿ ಸಿಗಲಿಲ್ಲ. ಅಲ್ಲಿ ಇರಲೇಬೇಕು ಅಂತ ನಾನು ಹಟ ಹಿಡಿಯಲ್ಲ. ಊರಿನ ಯಾವ ಜಾಗದಲ್ಲಿ ಅದು ಇರಬೇಕು ಅಂತಲೇ ಯಾರೂ ಗೊತ್ತು ಮಾಡಿಲ್ಲ, ನನ್ನ ಸಂಕಟ ಅದು.

ಹಾಗಾಗಿ ನನ್ನ ಅರ್ಜಿ ಸಣ್ಣದು. ಮಿಶ್ರಾ ಅವರ ವರದಿ, ಅದಕ್ಕೆ ಮೊದಲಿನ ವಾಂಛೂ ವರದಿ, 1955ರ ಆಯೋಗದ ವರದಿಯಲ್ಲಿ ಬಳ್ಳಾರಿ ಬಗ್ಗೆ ಇರುವ ಪುಟಗಳು, ಇವನ್ನು ದಿಲ್ಲಿಯಿಂದಲೋ ಬೆಂಗಳೂರಿನಿಂದಲೋ ಚೆನ್ನೈನಿಂದಲೋ ನಕಲು ತರಿಸಿ. ನೀವು ಒಂದು ಪತ್ರ ಬರೆದರೆ ಆಗುವ ಕೆಲಸ. ನಾನು ಬರೆದರೆ ಸ್ವೀಕೃತಿಯೂ ಬರಲ್ಲ. ಅವನ್ನು ಕನ್ನಡಕ್ಕೆ ಮಾಡಿಸಿ. ವಿಶ್ವವಿದ್ಯಾಲಯ ನಮ್ಮೂರಿನಲ್ಲೇ ಇದೆ, ಹಂಪಿಯಲ್ಲಿ ಕನ್ನಡಕ್ಕೇ ಅಂತ ಇನ್ನೊಂದು ಇದೆ. ಜನ ಸಿಗಲಿಲ್ಲ ಅನ್ನೋ ಹಾಗಿಲ್ಲ. ಕನ್ನಡದ ಜೊತೆ ತೆಲುಗು, ಉರ್ದುವಿನಲ್ಲೂ ಇರಲಿ. ಇದಕ್ಕೆ ಕೆಲವರು ಹುಬ್ಬು ಗಂಟು ಹಾಕುತ್ತಾರೆ ಅಂತ ಗೊತ್ತು. ಗೆದ್ದವನು ತೀರ್ಪಿನ ನಕಲನ್ನು ಎದುರು ಪಕ್ಷಕ್ಕೆ ತೋರಿಸೋಕೆ ಯಾಕೆ ಹೆದರಬೇಕು? ಅಲ್ಲದೆ ಇಲ್ಲಿ ಎದುರು ಪಕ್ಷ ಅಂದರೆ ನಮ್ಮ ಬೀಗರು.

ಆಮೇಲೆ ಇಡೋಕೆ ಒಂದು ಕೋಣೆ ಬೇಕು. ಹೊಸ ಭವನ ಬೇಡ ಸಾಹೇಬರೇ, ದಯವಿಟ್ಟು. ಭವನ ಅಂದ ಕೂಡಲೇ ಟೆಂಡರು, ಶಂಕುಸ್ಥಾಪನೆ, ಕಲ್ಲಿನ ಮೇಲೆ ಹೆಸರು ಯಾವ ಕ್ರಮದಲ್ಲಿ ಅಂತ ಜಗಳ, ಆಮೇಲೆ ಗೆದ್ದಲು. ಗ್ರಂಥಾಲಯದಲ್ಲಿ ಒಂದು ಕಪಾಟು, ಒಂದು ಮೇಜು, ನಾಲ್ಕು ಕುರ್ಚಿ, ಒಂದು ಫ್ಯಾನು ಸಾಕು. ಫ್ಯಾನು ಮಾತ್ರ ತಿರುಗುವಂಥದ್ದು ಇರಲಿ.

ಮನೆಗಳಲ್ಲಿರುವ ಹಳೇ ಪತ್ರಗಳನ್ನೂ ಕೇಳಿ. ಆಗಿನ ಕರಪತ್ರ ಇರಬಹುದು, ಮೆರವಣಿಗೆಯ ಫೋಟೋ ಇರಬಹುದು, ಯಾವನೋ ವಕೀಲ ಬರೆದ ಮನವಿಯ ಕರಡು ಇರಬಹುದು. ಅಜ್ಜಂದಿರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಸೊಸೆಯಂದಿರು ಟ್ರಂಕು ಖಾಲಿ ಮಾಡಿ ರದ್ದಿಗೆ ಹಾಕುತ್ತಿದ್ದಾರೆ, ಅವರ ತಪ್ಪೂ ಅಲ್ಲ, ಮನೆಗಳಲ್ಲಿ ಜಾಗ ಇಲ್ಲ. ರಾಯದುರ್ಗ, ಆದೋನಿ, ಆಲೂರಿನವರನ್ನೂ ಕೇಳಿ. ಗೆರೆಯ ಆ ಕಡೆ ಉಳಿದ ಕನ್ನಡದವರ ಟ್ರಂಕಿನಲ್ಲಿ ಏನಿದೆಯೋ. ಅಲ್ಲಿ ಕನ್ನಡ ಶಾಲೆ ಇನ್ನೂ ಇವೆ. ಅಲ್ಲಿಯವರು ಆಸ್ಪತ್ರೆಗೆ ನಮ್ಮಲ್ಲಿಗೇ ಬರುತ್ತಾರೆ. ಬೆಳಿಗ್ಗೆ ರಾಯದುರ್ಗದ ಬಸ್ಸು ಇಳಿದವರು ಹೋಟೆಲಿಗೆ ನುಗ್ಗಿ ಉಗ್ಗಾನಿ ಬಜ್ಜಿ ಕೇಳುತ್ತಾರೆ. ಸಪ್ಲೈಯರ್ ಹುಡುಗ ಒಳಗೆ ತಿರುಗಿ "ಒಗ್ಗಾಣಿ ಮಿರ್ಚಿ ಎರಡು" ಅಂತ ಕೂಗುತ್ತಾನೆ. ತಟ್ಟೆಗೆ ಬರೋದು ಒಂದೇ.

ಮೊಮ್ಮಗ ಪ್ರಬಂಧದ ಮೊದಲ ಸಾಲು ಹೊಡೆದುಹಾಕಿದ. "1953ರಲ್ಲಿ ಒಬ್ಬ ನ್ಯಾಯಾಧೀಶರು ಬಳ್ಳಾರಿಯನ್ನು ತೂಗಿ ನೋಡಿದರು" ಅಂತ ಬರೆದ. ಮೇಷ್ಟ್ರು ಅದರ ಪಕ್ಕ ಕೆಂಪು ಶಾಯಿಯಲ್ಲಿ "ಆಧಾರ?" ಅಂತ ಬರೆದು ಕಳಿಸಿದ್ದಾರೆ. ಮೇಷ್ಟ್ರು ಕೇಳಿದ್ದು ಸರಿ ಇದೆ. ಉತ್ತರ ಕೊಡಬೇಕಾದವರು ನೀವು.

ನಕಲು ತರಿಸಿದ ದಿನ ತಿಳಿಸಿ. ಅಜ್ಜನ ಕ್ರಯಪತ್ರವನ್ನು ಆ ಕಪಾಟಿಗೆ ನಾನು ಕೊಡುತ್ತೇನೆ. ಮನೆಯಲ್ಲಿ ಒಪ್ಪಿಸಿದ್ದೇನೆ. ಲ್ಯಾಮಿನೇಷನ್ ಮಾಡಿಸಬೇಡಿ, ಹಳೇ ಕಾಗದಕ್ಕೆ ಅದು ಆಗಿಬರಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ ನಾನೇ ತರುತ್ತೇನೆ. ನನಗೆ ಸನ್ಮಾನ, ಶಾಲು, ಹಾರ ಏನೂ ಬೇಡ. ತಾರೀಖು, ರುಜು, ಸೀಲು ಇರುವ ಒಂದು ರಶೀದಿ ಬೇಕು.

ಇಂತಿ,
ನಿವೃತ್ತ ವಕೀಲ ಗುಮಾಸ್ತ,
ಬ್ರೂಸ್‌ಪೇಟೆ, ಬಳ್ಳಾರಿ